ಜಾಡಿಯ ತಳಕ್ಕಿಳಿದ ಎಣ್ಣೆ

ಕರಿಬಸಪ್ಪ ಭಾವ ಆವತ್ತು ಸೆಕೆಂಡ್ ಶಿಫ್ಟ್ ಮುಗಿಸಿ ಬರ್ತಾ ಇದ್ದರು. ರಾಜಾಜಿನಗರದಲ್ಲಿ ಕೊನೇ ಬಸ್ಸು ಇಳಿದರೆ ಅಲ್ಲಿಂದ ಕುರುಬರಹಳ್ಳಿಗೆ ಕಾಲೇ ಗತಿ. ಐದಾರು ವರ್ಷದ ಹಿಂದೆ, ಎಪ್ಪತ್ತಮೂರೋ ಎಪ್ಪತ್ತನಾಲ್ಕೋ… ಕಾರ್ತೀಕ ಮಾಸ. ಕರೆಂಟು ಹೋಗಿತ್ತು. ಆಗೆಲ್ಲ ಕರೆಂಟು ಹೋಗೋದು ಸುದ್ದಿಯೇ ಅಲ್ಲ, ಇದ್ದರೆ ಸುದ್ದಿ.

ಯಾರ ಭಾವ ಅಂತ ಕೇಳ್ತೀರ, ಮೊದಲೇ ಹೇಳಿಬಿಡ್ತೀನಿ. ನನ್ನ ದೊಡ್ಡಪ್ಪನ ಮಗಳು ಜಯದೇವಿ ಅಕ್ಕ, ಅವಳ ಗಂಡ. ನಾವು ದಾವಣಗೆರೆ ಕಡೆಯವರು. ಭಾವನಿಗೆ ಇಲ್ಲಿ ಕಾರ್ಖಾನೆ ಕೆಲಸ ಸಿಕ್ಕಿತ್ತು. ಅಕ್ಕ, ಭಾವ, ನಾಲ್ಕು ವರ್ಷದ ಮಗಳು ಕೋಕಿಲಾ, ಇಷ್ಟೇ ಜನ. ಕುರುಬರಹಳ್ಳಿ ಅಂಚಿನಲ್ಲಿ ಅಕ್ಕಯ್ಯಮ್ಮ ಅನ್ನೋ ಹಳ್ಳಿಯ ದೊಡ್ಡ ಹೆಂಗಸಿನ ಬಾಡಿಗೆ ಮನೆ. ಅವರ ರಾಗಿ ಹೊಲವನ್ನೇ ಸೈಟು ಮಾಡಿ ಕಟ್ಟಿದ್ದು. ಸುತ್ತ ಇನ್ನೂ ಹೊಲವೇ. ನಡುವೆ ಒಂದು ಹಳೇ ಬಾವಿ, ಅದರ ಮಗ್ಗುಲಲ್ಲೇ ಕಾಲುದಾರಿ. ಆ ಬಾವಿಯಲ್ಲಿ ಯಾರೂ ನೀರು ಸೇದುತ್ತಿರಲಿಲ್ಲ. ಯಾಕೆ ಅಂತ ಅಕ್ಕ ಕೇಳಲೂ ಇಲ್ಲ, ಮನೆಗೆ ನಲ್ಲಿ ಇತ್ತಲ್ಲ.

ನಗು ಬಂದರೆ ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನಾನು ಎದ್ದು ಮಲಗೋಕೆ ಹೋಗ್ತೀನಿ.

ಬಾವಿ ಹತ್ತಿರ ಬಂದಾಗ ಭಾವನಿಗೆ ಮೊದಲು ಕಂಡದ್ದು ತಮ್ಮ ಮನೆಯ ದೀಪಗಳು. ಕಾಂಪೌಂಡ್ ಗೋಡೆ ಮೇಲೆ ಸಾಲಾಗಿ… ಕೆಂಪು, ಹಳದಿ, ನೀಲಿ. ಅಕ್ಕನ ಜಾಡಿ ದೀಪಗಳು. ಆಮೇಲೆ ಕಂಡದ್ದು ಬಾವಿಕಟ್ಟೆ ಮೇಲೆ ಕೂತ ಹುಡುಗಿ.

ಕಾಲು ಇಳಿಬಿಟ್ಟು ಕೂತಿದ್ದಳಂತೆ. ಹೊರಗಲ್ಲ… ಬಾವಿಯ ಒಳಕ್ಕೆ. ಮುಖ ಮಾತ್ರ ತಿರುಗಿಸಿ ಆ ದೀಪಗಳನ್ನ ನೋಡುತ್ತಿದ್ದಳು. ಭಾವ ನಿಂತರು. ಬಾವಿಯೊಳಗಿಂದ ಸದ್ದು… ತೊಟ್… ತೊಟ್… ನೀರಿಗೆ ನೀರು ಬೀಳುವ ಸದ್ದು.

"ಯಾರಮ್ಮ?" ಅಂದರು.

ಅವಳು ಪಿಸುಮಾತಿನಲ್ಲಿ ಕೇಳಿದಳು. "ನಂಗೇನಾ ಇಟ್ಟಿರೋದು?"

"ಎಲ್ಲಾರಿಗೂ ಇಟ್ಟಿದ್ದೇ ತಂಗಿ. ದೂರ ಯಾಕ ಕುಂತಿ, ಮನಿಗೇ ಬಾ."

ಅಷ್ಟೇ ಮಾತು. ನಮ್ಮ ಕಡೆಯವರಿಗೆ ಇದೊಂದು ಚಟ, ಕಂಡಕಂಡವರನ್ನೆಲ್ಲ ಮನೆಗೆ ಕರೆಯೋದು. ಸಂಜೆ ಹೊತ್ತು ಅಕ್ಕಪಕ್ಕದ ಹೆಂಗಸರು ಆ ದೀಪ ನೋಡೋಕೆ ಅಂತಲೇ ಬರ್ತಾ ಇದ್ದರು, ಇವಳೂ ಹಾಗೇ ಯಾರೋ ಸಂಕೋಚದ ಹುಡುಗಿ ಅಂದುಕೊಂಡರು. ಸ್ವಲ್ಪ ಮುಂದೆ ಹೋಗಿ ತಿರುಗಿ ನೋಡಿದರೆ… ಕಟ್ಟೆ ಖಾಲಿ. ಆದರೆ ಹಿಂದೆ ಒದ್ದೆ ಕಾಲಿನ ಸದ್ದು. ಪಚ್… ಪಚ್… ಪಚ್. ಗೇಟಿನ ತನಕ ಬಂತಂತೆ. ಭಾವ ಒಳಗೆ ಹೋದವರೇ ಚಿಲಕ ಹಾಕಿಕೊಂಡರು. ಅಕ್ಕನಿಗೆ ಏನೂ ಹೇಳಲಿಲ್ಲ. ಗಂಡಸರು ಹೇಳಬೇಕಾದ ಮಾತನ್ನ ಹೇಳಬೇಕಾದ ಹೊತ್ತಿಗೆ ಯಾವತ್ತು ಹೇಳಿದ್ದಾರೆ, ಬಿಡಿ.

ಈ ಜಾಡಿ ದೀಪ ಮಾಡೋದು ಹೇಗೆ ಅಂತ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯಲ್ಲ. ಅಕ್ಕನ ಕೈ ಸುಮ್ಮನಿರೋ ಕೈಯಲ್ಲ. ಹಾರ್ಲಿಕ್ಸ್ ಬಾಟ್ಲಿ, ಉಪ್ಪಿನಕಾಯಿ ಜಾಡಿ, ಬಾಯಿ ಅಗಲ ಇರೋ ಗಾಜಿನದು ಯಾವುದು ಸಿಕ್ಕರೂ ಬಿಡುತ್ತಿರಲಿಲ್ಲ. ಬೂದಿ ಹಾಕಿ ತಿಕ್ಕಿ ಫಳಫಳ ಅನ್ನಿಸೋಳು. ತಳಕ್ಕೆ ಒಡೆದ ಬಳೆಚೂರು. ಅದಕ್ಕೆ ದಾರ ಕಟ್ಟಿ ಮುಳುಗಿಸಿದ ಕನಕಾಂಬರ, ಒಂದೆರಡು ಎಲೆ. ಆಮೇಲೆ ಮುಕ್ಕಾಲು ಜಾಡಿ ನೀರು. ಒಂದಕ್ಕೆ ಬೀಟ್‌ರೂಟ್ ಬೇಯಿಸಿದ ನೀರು, ಒಂದಕ್ಕೆ ಅರಿಶಿನ, ಒಂದಕ್ಕೆ ಬಟ್ಟೆಗೆ ಹಾಕೋ ನೀಲಿ ಒಂದೇ ತೊಟ್ಟು. ಕೊನೆಗೆ ಹೊಂಗೆ ಎಣ್ಣೆ. ಎಣ್ಣೆ ಸುರಿಯಬಾರದು. ಚಮಚ ಬೋರಲು ಹಿಡಿದು ಅದರ ಬೆನ್ನ ಮೇಲಿಂದ ನಿಧಾನ ಇಳಿಬಿಡಬೇಕು. ಆಗ ಕೆಳಗೆ ನೀರು, ಮೇಲೆ ಎರಡು ಬೆರಳು ಎಣ್ಣೆ, ಒಂದಕ್ಕೊಂದು ಕದಡದೆ ನಿಲ್ಲುತ್ತೆ. ಬಾಟ್ಲಿಯ ಬಿರಡೆಯನ್ನ ಬಿಲ್ಲೆಯಾಗಿ ಕುಯ್ದು, ತೂತು ಮಾಡಿ, ಹಳೇ ಪಂಚೆಯ ಬತ್ತಿ ಸಿಕ್ಕಿಸಿ ತೇಲಿಬಿಟ್ಟರೆ ದೀಪ. ಎಣ್ಣೆ ತೀರಿದಾಗ ಬತ್ತಿಗೆ ನೀರು ತಾಗಿ ಚುರ್ ಅಂತ ತಾನೇ ಆರುತ್ತೆ. ಮಗು ಇರೋ ಮನೆಗೆ ಇದಕ್ಕಿಂತ ಕ್ಷೇಮ ಬೇರೆ ಇಲ್ಲ ಅಂತ ಅಕ್ಕನಿಗೆ ಹೆಮ್ಮೆ. ಚೆಂದವಾಗೂ ಇರ್ತಿತ್ತು, ಸುಳ್ಳು ಹೇಳಲಾರೆ.

ಮಾರನೇ ಬೆಳಿಗ್ಗೆ ಜಾಡಿಗಳನ್ನ ಒಳಗಿಡೋಕೆ ಹೋದ ಅಕ್ಕ ಗೋಡೆ ಹತ್ತಿರ ನಿಂತೇಬಿಟ್ಟಳು.

ಎಣ್ಣೆ ಇದೆ. ಬತ್ತಿ ಅರ್ಧ ಉರಿದು ಆರಿದೆ. ಆದರೆ ಎಣ್ಣೆ ಮೇಲಿಲ್ಲ… ತಳದಲ್ಲಿದೆ. ಬಳೆಚೂರಿನ ಮೇಲೆ, ಬಾಡಿದ ಹೂವಿನ ಮೇಲೆ. ನೀರು ಇಲ್ಲ.

ಯೋಚನೆ ಮಾಡಿ ನೋಡಿ. ಮೇಲಿನ ಎಣ್ಣೆ ಮುಟ್ಟದೆ ಕೆಳಗಿನ ನೀರನ್ನ ಯಾರು ತೆಗೀತಾರೆ? ಬೆಕ್ಕು ನೆಕ್ಕಿದ್ದರೆ ಎಣ್ಣೆ ಮೊದಲು ಹೋಗಬೇಕು. ಜಾಡಿ ಬಿರುಕು ಬಿಟ್ಟಿದ್ದರೆ ಗೋಡೆ ಒದ್ದೆಯಾಗಬೇಕು. ಗೋಡೆ ಒಣಗಿತ್ತು. ಒಂದು ಜಾಡಿಯಲ್ಲ, ಸಾಲಿನಲ್ಲಿದ್ದ ಅಷ್ಟೂ ಹಾಗೇ.

ಅಕ್ಕ ಧೈರ್ಯದವಳು. ಆ ಸಂಜೆ ಮತ್ತೆ ನೀರು ತುಂಬಿ, ದೀಪ ಹಚ್ಚಿ, ಕಿಟಕಿಯಲ್ಲಿ ಕಾದು ಕೂತಳು. ಮಗು ಮಲಗಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ತುಂಬಾ ಹೊತ್ತಾದ ಮೇಲೆ ಸದ್ದು ಬಂತು… ಗುಳುಕ್.

ಮೊದಲನೇ ಜಾಡಿಯ ದೀಪ ಒಂದಿಷ್ಟು ಕೆಳಗಿಳಿಯಿತು.

ಗುಳುಕ್… ಗುಳುಕ್.

ಉರಿ ಆರಲಿಲ್ಲ. ಉರಿಯುತ್ತಲೇ ಗಾಜಿನೊಳಗೆ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಯಿತು. ತಳ ಮುಟ್ಟಿ ಚಿಟ್ ಅಂತ ಆರಿತು. ಆಮೇಲೆ ಪಕ್ಕದ ಜಾಡಿ. ಗುಳುಕ್… ಗೋಡೆ ಹತ್ತಿರ ಯಾರೂ ಇಲ್ಲ. ಬೆಳದಿಂಗಳಿತ್ತು, ಕಾಣೋ ಹಾಗಿದ್ದರೆ ಕಾಣಬೇಕಿತ್ತು ಅಂತಾಳೆ ಅಕ್ಕ. ಬಹಳ ದಿನದಿಂದ ನೀರು ಕಾಣದವರು ಕುಡಿಯೋ ಹಾಗೆ, ಉಸಿರು ಬಿಡದೆ ಕುಡಿದ ಸದ್ದು ಅದು.

ಮಾರನೇ ದಿನದಿಂದ ಅಕ್ಕ ದೀಪ ಇಡಲಿಲ್ಲ. ಯಾರಾದರೂ ಅದನ್ನೇ ಮಾಡ್ತಾರೆ. ಜಾಡಿಗಳನ್ನ ತೊಳೆದು ಅಟ್ಟಕ್ಕೆ ಹಾಕಿ ಬಾಗಿಲು ಭದ್ರ ಮಾಡಿ ಮಲಗಿದಳು. ಆ ರಾತ್ರಿ ಅಡಿಗೆಮನೆಯಲ್ಲಿ ಹಂಡೆಯ ಮುಚ್ಚಳ ಠಣ್ ಅಂದಿತು. ಎದ್ದು ಹೋಗಿ ನೋಡಿದರೆ ಹಂಡೆ ಖಾಲಿ. ಬಿಂದಿಗೆ ಖಾಲಿ. ದೇವರ ಮುಂದಿನ ಪಂಚಪಾತ್ರೆ ಕೂಡ ಖಾಲಿ. ಅಷ್ಟರಲ್ಲಿ ಕೋಕಿಲಾ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ಅಮ್ಮಾ… ನೀರು."

ಅಲ್ಲಿಂದ ಶುರುವಾಯಿತು ನೋಡಿ. ಆ ಮಗು ಎಷ್ಟು ಕುಡಿದರೂ ನೀರು ನೀರು ಅಂತಲೇ ಇತ್ತು. ಚೊಂಬು ಚೊಂಬು ಕುಡಿದರೂ ತುಟಿ ಒಡೆದೇ ಇರೋದು. ಒಂದಕ್ಕೂ ಹೋಗ್ತಾ ಇರಲಿಲ್ಲ. ಕುಡಿದ ನೀರು ಎಲ್ಲಿ ಹೋಗ್ತಿತ್ತೋ ಶಿವನೇ ಬಲ್ಲ. ಚರ್ಮ ಹಿಡಿದು ಎಳೆದರೆ ಎಳೆದಂತೆಯೇ ನಿಲ್ಲೋದು. ರಾಜಾಜಿನಗರದ ಡಾಕ್ಟರು ಆ ಪರೀಕ್ಷೆ ಈ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದರು. ಗ್ಲೂಕೋಸ್ ಏರಿಸಿದರು. ರಾತ್ರಿಯಿಡೀ ತೊಟ್ಟಿಕ್ಕಬೇಕಾದ ಬಾಟ್ಲಿ ಎಲ್ಲರ ಕಣ್ಣೆದುರೇ ಗುಳುಕ್ ಗುಳುಕ್ ಅಂತ ಖಾಲಿಯಾಯಿತು. ಡಾಕ್ಟರು ನಳಿಗೆ ಹಿಡಿದು ನೋಡಿದರು, ಸೂಜಿ ನೋಡಿದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಅವರಾದರೂ ಪಾಪ ಏನು ಮಾಡ್ತಾರೆ.

ಆಗ ನನ್ನನ್ನ ಊರಿಂದ ಕರೆಸಿಕೊಂಡರು. ಹಾಗಾಗಿ ಇಲ್ಲಿಂದ ಮುಂದೆ ನಾನು ಹೇಳೋದು ಕೇಳಿದ್ದಲ್ಲ, ಕಂಡದ್ದು.

ಅಕ್ಕ ಮತ್ತೆ ಜಾಡಿ ದೀಪ ಇಡೋಕೆ ಶುರು ಮಾಡಿದ್ದಳು. ಹೊರಗಿನ ನೀರು ಕುಡಿದಾದರೂ ಮಗುವನ್ನ ಬಿಡಲಿ ಅಂತ. ಜಾಡಿಯೂ ಖಾಲಿ, ಹಂಡೆಯೂ ಖಾಲಿ, ಮಗುವೂ ಒಣಗುತ್ತಾ ಹೋಯಿತು.

ಒಂದು ಬೆಳಿಗ್ಗೆ ಅಕ್ಕಯ್ಯಮ್ಮ ಮಗುವಿಗೆ ಅಂತ ಮಜ್ಜಿಗೆ ತಂದರು. ಗೇಟು ತೆಗೆದವರು ಗೋಡೆ ಮೇಲಿನ ಜಾಡಿಗಳನ್ನ ನೋಡಿ ಅಲ್ಲೇ ನಿಂತರು.

"ಯಾರು ಸತ್ರಮ್ಮ ನಿಮ್ಮನೇಲಿ?"

"ಯಾರೂ ಇಲ್ವಲ್ಲ. ಯಾಕೆ?" ಅಂದಳು ಅಕ್ಕ.

"ಮತ್ತೆ ನೀರೂ ದೀಪಾನೂ ಜೋಡಿಸಿ ಇಟ್ಟಿದೀಯ."

"ಚೆಂದಕ್ಕೆ ಇಟ್ಟಿದ್ದು."

ಅಕ್ಕಯ್ಯಮ್ಮ ದನಿ ಇಳಿಸಿದರು. "ನಮ್ಮಲ್ಲಿ ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ ಒಂದು ಚೊಂಬು ನೀರಿಡ್ತೀವಿ. ದೀಪ ನೋಡ್ಕೊಂಡು ಬರ್ತಾರೆ. ಬಾಯಾರಿರ್ತಾರೆ, ಕುಡೀತಾರೆ. ಆಮೇಲೆ ಅವರ ಕಡೆಯೋರೇ ಹೆಸರು ಹಿಡಿದು, ಕುಡಿದಾಯ್ತು ಹೋಗಿನ್ನು, ಅಂತ ಮಿಕ್ಕಿದ ನೀರು ಚೆಲ್ಲಬೇಕು. ಬ್ಯಾರೆಯೋರು ಚೆಲ್ಲಿದ್ರೆ ಹೋಗಲ್ಲ."

ನಮ್ಮನೆಗಳಲ್ಲಿ ಲಿಂಗೈಕ್ಯ ಆದರು ಅಂದರೆ ಮುಗೀತು, ಹೀಗೆ ನೀರಿಡೋ ಪದ್ಧತಿಯೇ ಇಲ್ಲ. ಅಕ್ಕನಿಗೆ ಹೇಗೆ ಗೊತ್ತಿರಬೇಕು? ಸತ್ತವರಿಗೆ ಇಡೋದನ್ನ ಅವಳು ಬಣ್ಣ ಹಾಕಿ, ಹೂ ಹಾಕಿ, ಬಾವಿಗೆ ಕಾಣೋ ಹಾಗೆ ಗೋಡೆ ಮೇಲೆ ಸಾಲಾಗಿ ಇಟ್ಟಿದ್ದಳು.

ಒಳಗಿಂದ ಭಾವ ಬಂದರು. ಆಗ ಬಾಯಿ ಬಿಟ್ಟರು ಮಹಾನುಭಾವರು. "ಬಾವಿ ಕಟ್ಟೀ ಮ್ಯಾಲೆ ಒಂದು ಹುಡುಗಿ ಕುಂತಿದ್ಲು. ನಂಗೇನಾ ಇಟ್ಟಿರೋದು ಅಂತ ಕೇಳಿದ್ಲು. ಮನಿಗೇ ಬಾ ಅಂದೆ."

ಅಕ್ಕಯ್ಯಮ್ಮ ಮಜ್ಜಿಗೆ ಚೊಂಬನ್ನ ನೆಲದ ಮೇಲಿಟ್ಟು ತಿರುಗಿ ಹೋದರು.

ಅಕ್ಕ ಬಿಡಲಿಲ್ಲ. ಅವತ್ತೇ ಸಂಜೆ ಮಗುವನ್ನ ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಅಕ್ಕಯ್ಯಮ್ಮನ ಮಗ ದೊಡ್ಡಣ್ಣ ಒಳಗೆ ಊಟಕ್ಕೆ ಕೂತಿದ್ದ, ಅವನ ಎರಡನೇ ಹೆಂಡತಿ ಬಡಿಸುತ್ತಿದ್ದಳು. ಅಕ್ಕ ಹೊಸಿಲ ಹತ್ತಿರ ಕೂತು ಮಗುವಿನ ಮುಖದ ಮೇಲಿನ ಸೆರಗು ಸರಿಸಿದಳು.

"ತುಟಿ ನೋಡಿ ಅಮ್ಮ. ರಕ್ತ ಕೂಡ ಬರ್ತಾ ಇಲ್ಲ."

"ನಮ್ಮನೇಲಿ ಯಾರೂ ಸತ್ತಿಲ್ಲ," ಅಂದರು ಅಕ್ಕಯ್ಯಮ್ಮ.

"ನಿಮ್ಮನೇಲಿ ಅಂತ ನಾನು ಹೇಳ್ಲಿಲ್ಲ. ಆ ಬಾವೀಲಿ ಯಾರಾದ್ರೂ…"

"ಸೀತಾ ಓಡಿಹೋದ್ಲು. ಊರಿಗೆಲ್ಲ ಗೊತ್ತು. ನನ್ನ ಸೊಸೆ ಯಾವನ ಜೊತೇಲೋ ಓಡಿಹೋದ್ಲು."

ಸೀತಾ ಅನ್ನೋ ಹೆಸರನ್ನ ನಾವು ಎತ್ತಿರಲೇ ಇಲ್ಲ. ಅಲ್ಲಿಯವರೆಗೆ ಆ ಹೆಸರು ಕೇಳಿಯೂ ಇರಲಿಲ್ಲ. ಒಳಗೆ ದೊಡ್ಡಣ್ಣ ಲೋಟ ಕುಕ್ಕಿದ ಸದ್ದು ಬಂತು. ಆಮೇಲೆ ಉಣ್ಣೋ ಸದ್ದು ನಿಂತಿತು.

ನಾವು ಎದ್ದೆವು. ಬೇಲಿ ದಾಟೋ ಹೊತ್ತಿಗೆ ಅಕ್ಕಯ್ಯಮ್ಮ ಹಿಂದೆಯೇ ಬಂದು ಅಕ್ಕನ ಕೈ ಹಿಡಿದುಕೊಂಡರು.

"ಅವಳ ಹೆಸರಲ್ಲಿ ನಾನು ನೀರಿಟ್ರೆ, ಸತ್ತಿದಾಳೆ ಅಂತ ನಾನೇ ಒಪ್ಕೊಂಡಂಗೆ. ಪೊಲೀಸಿನೋರು ಬಾವಿಗಿಳೀತಾರೆ. ನಿಂಗೊಂದು ಮಗು ಕಣಮ್ಮ… ನಂಗೂ ಒಬ್ನೇ ಮಗ."

"ಬೇರೆ ಯಾರೂ ಇಲ್ವಾ? ಅವಳ ತೌರಿನೋರು?"

"ತಬ್ಬಲಿ ಅಂತಲೇ ತಂದಿದ್ದು. ನನ್ನೋರು ಅನ್ನೋರು ಯಾರೂ ಇರ್ಲಿಲ್ಲ ಆ ಕೂಸಿಗೆ. ಇನ್ನೂ ಮೈ ನೆರೆದು ವರ್ಷ ಆಗಿರ್ಲಿಲ್ಲ…" ಮುಂದೆ ಹೇಳಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದರು.

ನನಗೆ ಆ ಮುದುಕಿಯ ಮೇಲೆ ಎಷ್ಟು ಕೋಪ ಬಂತು ಅಂದರೆ, ಹಿಂದೆ ಹೋಗಿ ಜುಟ್ಟು ಹಿಡಿದು ಬಾವಿ ಹತ್ತಿರ ಎಳೆದುಕೊಂಡು ಹೋಗಬೇಕು ಅನ್ನಿಸಿತು. ಆದರೆ ಏನು ಮಾಡೋಕಾಗುತ್ತೆ. ದಾರಿಯುದ್ದಕ್ಕೂ ಮಗು ಅಳೋಕೂ ಶಕ್ತಿ ಇಲ್ಲದೆ ಅಕ್ಕನ ಹೆಗಲ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಆ ರಾತ್ರಿ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗೋಣ ಅಂತ ಭಾವ ಎರಡು ಸಲ ಚಪ್ಪಲಿ ಮೆಟ್ಟಿದರು, ಎರಡು ಸಲ ಬಿಟ್ಟರು. ಕೊನೆಗೆ ಗೋಡೆಗೆ ಒರಗಿ ಮಂಡಿ ಮೇಲೆ ತಲೆ ಇಟ್ಟು ಕೂತರು. ನಾನು ಹತ್ತಿ ಅದ್ದಿ ಅದ್ದಿ ಮಗುವಿನ ತುಟಿಗೆ ಹಚ್ಚುತ್ತಿದ್ದೆ. ಹಚ್ಚಿದ ಹಾಗೆ ಆರಿಹೋಗ್ತಿತ್ತು. ಬೆಳಗಾಗೋದರೊಳಗೆ ಮಗು ಉಳಿಯಲ್ಲ ಅಂತ ಮೂರು ಜನಕ್ಕೂ ಗೊತ್ತಿತ್ತು.

ಅಕ್ಕ ಎದ್ದಳು. ಅಟ್ಟದಿಂದ ಎಲ್ಲಕ್ಕಿಂತ ದೊಡ್ಡ ಜಾಡಿ ಇಳಿಸಿದಳು. ಬಣ್ಣ ಹಾಕಲಿಲ್ಲ, ಹೂ ಹಾಕಲಿಲ್ಲ. ಬರೀ ನೀರು, ಮೇಲೆ ಎಣ್ಣೆ, ಬತ್ತಿ. ಹಚ್ಚಿ ತಂದು ಒಳಗೇ, ಮಗುವಿನ ತಲೆದೆಸೆಯಲ್ಲಿ ಇಟ್ಟಳು. ಭಾವ ತಲೆ ಎತ್ತಿ, "ಬ್ಯಾಡ" ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಪಚ್… ಪಚ್… ಹಜಾರದಲ್ಲಿ.

ಆಮೇಲೆ ತಲೆದೆಸೆಯಲ್ಲೇ. ಗುಳುಕ್.

ದೀಪ ಇಳಿಯೋಕೆ ಶುರುವಾಯಿತು. ಕೋಕಿಲಾ ಮೈ ಸೆಟೆಸಿದಳು. ಅಕ್ಕ ವಿಭೂತಿ ಗಟ್ಟಿ ತೆಗೆದು ಮಗುವಿನ ಹಣೆಗೆ ಬಳಿದಳು. ಅದೇ ಬೆರಳುಗಳಿಂದ ಆ ಜಾಡಿಯ ಗಾಜಿಗೂ ಬಳಿದಳು. ಮಕ್ಕಳ ಹಣೆಗೆ ಹಚ್ಚೋ ಹಾಗೆಯೇ, ಮೂರು ಬೆರಳಲ್ಲಿ.

"ಸೀತಾ," ಅಂದಳು, ಮೆಲ್ಲಗೆ. "ನಿಂಗೆ ಯಾರೂ ಇಲ್ಲಂತಲ್ಲ. ನಾನಿದೀನಿ. ಇವತ್ತಿಂದ ನೀನು ನನ್ನ ಮಗಳು. ಇದು ನಿನ್ನ ತಂಗಿ. ಅದರ ಬಾಯಿಂದ ಕಿತ್ಕೋಬೇಡ ಕಣವ್ವ. ಬೇಕಾದಾಗ ನನ್ನ ಕೇಳು, ನಾನು ಕೊಡ್ತೀನಿ."

ಗುಳು…

ಸದ್ದು ಅರ್ಧಕ್ಕೇ ನಿಂತಿತು. ದೀಪವೂ ಜಾಡಿಯ ಅರ್ಧದಲ್ಲಿ ನಿಂತಿತು, ಅಲ್ಲಾಡದೆ. ಸ್ವಲ್ಪ ಹೊತ್ತಿಗೆ ನನ್ನ ಮೊಣಕಾಲು ಬೆಚ್ಚಗೆ ಒದ್ದೆಯಾಯಿತು. ನಾನು ಬೆಚ್ಚಿ ನೋಡಿದರೆ ಕೋಕಿಲಾ ಉಚ್ಚೆ ಹೊಯ್ದಿದ್ದಳು. ಅಷ್ಟು ದಿನದ ಮೇಲೆ. ಹಾಸಿಗೆ, ಚಾಪೆ, ನನ್ನ ಸೀರೆ ಎಲ್ಲ ತೊಯ್ದುಹೋಯಿತು. ಅಕ್ಕ ಆ ಒದ್ದೆಯ ಮೇಲೇ ಕೈಯಿಟ್ಟುಕೊಂಡು ಅಳೋಕೆ ಶುರು ಮಾಡಿದಳು. ಭಾವ ಕೂಡ ಅತ್ತರು. ನಾನೂ.

ನನಗೆ ಅಕ್ಕಯ್ಯಮ್ಮ ಹೇಳಿದ್ದು ನೆನಪಾಯಿತು. "ಅಕ್ಕ, ಈಗ ನೀನೇ ಅವಳ ಕಡೆಯೋಳು. ಮಿಕ್ಕಿದ ನೀರು ಚೆಲ್ಲಿಬಿಡು. ಹೋಗು ಅನ್ನು," ಅಂದೆ ಕಿವಿಯಲ್ಲಿ.

ಅಕ್ಕ ಜಾಡಿ ಎತ್ತಿಕೊಂಡು ಹೊಸಿಲ ತನಕ ಹೋದಳು. ಬಾಗಿಲು ತೆಗೆದಳು. ಹೊರಗೆ ಕತ್ತಲಲ್ಲಿ ಬಾವಿಕಟ್ಟೆ ಮಸುಕಾಗಿ ಕಾಣ್ತಾ ಇತ್ತು. ಅಲ್ಲೇ ನಿಂತಳು… ನಿಂತೇ ಇದ್ದಳು. ಆಮೇಲೆ ತಿರುಗಿ ಬಂದು ಜಾಡಿಯನ್ನ ಇದ್ದ ಜಾಗದಲ್ಲೇ ಇಟ್ಟಳು.

"ಎಲ್ಲಿಗೆ ಹೋಗು ಅನ್ಲೇ?" ಅಂದಳು. "ಅಲ್ಲಿಗಾ?"

ಭಾವ ಎದ್ದು ಹೋಗಿ ಬಾಗಿಲು ಹಾಕಿದರು.

ಅವರು ಆ ಮನೆ ಬಿಟ್ಟು ವಿಜಯನಗರಕ್ಕೆ ಹೋದರು. ಅಕ್ಕಯ್ಯಮ್ಮ ಬೀಳ್ಕೊಡೋಕೆ ಬರಲಿಲ್ಲ. ಕೋಕಿಲಾ ಈಗ ಸ್ಕೂಲಿಗೆ ಹೋಗ್ತಾಳೆ, ಗುಂಡುಗುಂಡಗಾಗಿದ್ದಾಳೆ, ವಿಪರೀತ ತುಂಟಿ. ಅಕ್ಕ ಜಾಡಿ ದೀಪ ಮಾಡೋದು ಬಿಟ್ಟಿಲ್ಲ. ಆದರೆ ಯಾರಿಗೂ ತೋರಿಸಲ್ಲ, ಒಂದೇ ಒಂದು ಮಾಡಿ ಅಡಿಗೆಮನೆಯಲ್ಲಿ ಇಡ್ತಾಳೆ. ಮುಖ ಬತ್ತಿದೆ. ರಾತ್ರಿ ನಿದ್ದೆ ಮಾಡಲ್ಲ ಅಂತ ಕಾಣುತ್ತೆ. ಕೇಳಿದರೆ, 'ಮಕ್ಕಳಿರೋ ಮನೇಲಿ ಎಲ್ಲಿ ನಿದ್ದೆ' ಅಂತಾಳೆ.

ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಸಂಜೆ ಹೊತ್ತು ಹೊಸದಾಗಿ ಪಕ್ಕದ ಮನೆಗೆ ಬಂದ ಲಕ್ಷ್ಮಿದೇವಮ್ಮ ಅನ್ನೋರು ಪರಿಚಯ ಮಾಡಿಕೊಳ್ಳೋಕೆ ಬಂದರು. ಕಾಫಿ ಕುಡೀತಾ, ಎಲ್ಲರೂ ಕೇಳೋ ಹಾಗೆ, "ಮಕ್ಕಳೆಷ್ಟು ನಿಮಗೆ?" ಅಂತ ಕೇಳಿದರು.

"ಇಬ್ಬರು," ಅಂದಳು ಅಕ್ಕ.

ನಾನು ಭಾವನ ಮುಖ ನೋಡಿದೆ. ಪೇಪರ್ ಓದ್ತಾ ಇದ್ದವರು ತಲೆ ಎತ್ತಲಿಲ್ಲ.

"ಹೂಂ, ದೊಡ್ಡೋಳನ್ನ ನೋಡಿದೀನಿ," ಅಂದರು ಲಕ್ಷ್ಮಿದೇವಮ್ಮ. "ಬೆಳಗಿನ ಜಾವ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒದ್ದೆ ತಲೆ ಹಿಂಡ್ಕೋತಾ ಇರ್ತಾಳೆ. ಎಷ್ಟುದ್ದ ಕೂದಲು… ಮಾತಾಡಿಸಿದ್ರೆ ಮಾತಾಡಲ್ಲ, ಸುಮ್ನೆ ನಗ್ತಾಳೆ."

ನಂಬೋದು ಬಿಡೋದು ನಿಮಗೆ ಸೇರಿದ್ದು. ನಾನು ಅವರ ಎದುರಿಗೇ ಕೂತಿದ್ದೆ. ಅವರಿಗೆ ನಾವು ಯಾರೂ ಏನೂ ಹೇಳಿರಲಿಲ್ಲ.